ಸೂಟು ಮುರಿದ ತೂಕ

ನಮ್ಮ ಮನೆಯ ನಡುಬಾಗಿಲಿನ ಚೌಕಟ್ಟಿನಲ್ಲಿ ಒಂದು ಬಿರುಕಿದೆ. ನನಗೆ ಬುದ್ಧಿ ಬಂದಂದಿನಿಂದ ಆ ಬಿರುಕಿನಲ್ಲಿ ಒಂದು ದಬ್ಬಣ ಚುಚ್ಚಿಕೊಂಡು ನಿಂತಿರುತ್ತಿತ್ತು. ಗೋಣಿಚೀಲದ ಬಾಯಿ ಹೊಲಿಯುವ ಈ ದಪ್ಪ ಸೂಜಿಗೆ ದರ್ಜಿಯ ಸೂಜಿಯ ನಯವಿಲ್ಲ, ಕುಡುಗೋಲು ಕೊಡಲಿಗಳ ಸಾಲಿನಲ್ಲಿ ನಿಲ್ಲುವ ಗತ್ತೂ ಇಲ್ಲ. ಬಿತ್ತುವಾಗ ಅದರ ನೆನಪಾಗುವುದಿಲ್ಲ, ಬೆಳೆ ಆಳೆತ್ತರ ನಿಂತಾಗಲೂ ಇಲ್ಲ. ಮಾಲು ಮನೆ ಬಿಟ್ಟು ಪೇಟೆಗೆ ಹೊರಡುವ ದಿನ ಮಾತ್ರ ಎಲ್ಲರ ಕೈಯೂ ಚೌಕಟ್ಟಿನ ಕಡೆ ಹೋಗುತ್ತದೆ. ಹೊಲಿದು ಮುಗಿದ ಮೇಲೆ ಅದನ್ನು ಕೊನೆಯ ಚೀಲದ ಕಿವಿಗೆ, ಎಂದರೆ ಎತ್ತಿ ಹಿಡಿಯಲೆಂದು ಮೂಲೆಯಲ್ಲಿ ಬಿಟ್ಟ ಗಂಟಿಗೆ, ಹುರಿಯ ಸಮೇತ ಚುಚ್ಚಿಬಿಡುವುದು ನಮ್ಮ ಮನೆಯ ಪದ್ಧತಿ. ಪೇಟೆಯಲ್ಲಿ ಮಾಲು ತೋರಿಸಲು ಬಿಚ್ಚಬೇಕು, ತೋರಿಸಿದ ಮೇಲೆ ಮತ್ತೆ ಹೊಲಿಯಬೇಕು, ಆಮೇಲೆ ದಬ್ಬಣ ಅಪ್ಪನ ಜೇಬಿನಲ್ಲಿ ಮನೆಗೆ ಬರಬೇಕು. ಮಾಲಿನ ಸಂಗಡ ಹೋದದ್ದರಲ್ಲಿ ಹಾಗೇ ಮರಳಿ ಬರುವುದು ಅದೊಂದೇ. ಹೀಗಾಗಿ ದಬ್ಬಣವೆಂಬುದು ಅಗಲಿಕೆಯ ಉಪಕರಣ ಎಂದು ನಾನೊಮ್ಮೆ ಅವ್ವನೆದುರು ಹೇಳಿದ್ದುಂಟು. "ಅಗಲಿಕಿ ಗಿಗಲಿಕಿ ಏನಿಲ್ಲ," ಎಂದಳು ಅವಳು, "ಬಾಯಿ ಹೊಲಿಲಿಲ್ಲಂದ್ರ ಗೋವಿನಜೋಳ ದಾರ್ಯಾಗ ಚೆಲ್ತಾವ, ಅಷ್ಟ."

ಗೆಳೆಯರೇ, ದೇಶ ಬಿಟ್ಟು ದೇಶಕ್ಕೆ ಹೋಗುವುದು ಎದೆಗೆ ಸಂಬಂಧಿಸಿದ ವ್ಯವಹಾರವೆಂದು ನೀವು ತಿಳಿದಿರಬಹುದು. ನಾನೂ ತಿಳಿದಿದ್ದೆ. ನೆಲ, ನುಡಿ, ಬೇರು, ಮಣ್ಣಿನ ವಾಸನೆ ಎಂಬ ದೊಡ್ಡ ದೊಡ್ಡ ಪದಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಅಳಲು ಸಿದ್ಧಳಾಗಿದ್ದೆ. ಹೊರಡುವ ತಯಾರಿಗೆ ಕುಳಿತ ಮೇಲೆ ತಿಳಿಯಿತು, ಅದು ಮೊದಲಿಗೆ ತೂಕದ ವ್ಯವಹಾರ. ವಿಮಾನದ ಕಂಪನಿಯವರು ಒಂದು ಅಂಕಿಯನ್ನು ಬರೆದು ಕಳಿಸುತ್ತಾರೆ. ಆ ಅಂಕಿಯೊಳಗೆ ನೀವು ಹುಟ್ಟಿ ಬೆಳೆದ ಬದುಕು ಮಡಚಿ ಕೂರಬೇಕು. ಕೂರದಿದ್ದದ್ದು ಉಳಿಯಬೇಕು. ಯಾವುದು ಮಾಲು, ಯಾವುದು ಬರಿಯ ಭಾರ ಎಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ. ನನ್ನ ಈ ಬರಹವೂ ಅಲ್ಲಿಂದಲೇ ಎದ್ದದ್ದು.

ನಾನು ಮಾಸೂರಿನವಳು. ಮದಗದ ಕೆರೆಯ ನೀರು ಕುಡಿದು ಬೆಳೆದವಳು, ಅದೇ ನೀರು ಯಾರ ಹೊಲಕ್ಕೆ ಮೊದಲು, ಯಾರ ಹೊಲಕ್ಕೆ ಕೊನೆಗೆ ಎಂಬ ಜಗಳ ಕೇಳುತ್ತ ಓದಿದವಳು, ಮುಂದೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಆ ಜಗಳವನ್ನೇ ಸಂಶೋಧನೆಯ ವಿಷಯ ಮಾಡಿಕೊಂಡು ಪದವಿ ಪಡೆದವಳು. ಈಗ ನೆದರ್ಲ್ಯಾಂಡ್ಸ್ ಎಂಬ ದೇಶದವರು ಆ ಸಂಶೋಧನೆಯನ್ನು ಮುಂದುವರಿಸಲು ಕರೆದಿದ್ದಾರೆ. ಅದೊಂದು ವಿಚಿತ್ರ ದೇಶ. ನಾವು ಏರಿ ಕಟ್ಟಿ ನೀರನ್ನು ಒಳಗೆ ಹಿಡಿದಿಡುತ್ತೇವೆ, ಅವರು ಏರಿ ಕಟ್ಟಿ ನೀರನ್ನು ಹೊರಗೆ ತಡೆದಿಡುತ್ತಾರೆ. ಇದನ್ನು ಅಪ್ಪನಿಗೆ ವಿವರಿಸಿದಾಗ ಅವನು, "ಹಂಗಾರ ಅಲ್ಲಿ ತೂಬು ಕಾಯೂ ನೀರಗಂಟಿ ಮಲಗೂದ ಇಲ್ಲ ಬಿಡು," ಎಂದ. ಆ ದೇಶದ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಆ ಮಾತು ಹತ್ತಿರದ್ದೆನಿಸಿತು.

ಊರವರ ಪ್ರಶ್ನೆ ಮಾತ್ರ ಬೇರೆ. ಹೋಗುವುದೇಕೆ, ಬರುವುದೆಂದು, ಇಲ್ಲಿ ಏನು ಕಡಿಮೆಯಾಗಿತ್ತು? ಹೊರಡುವವರ ಬಾಗಿಲಿಗೆ ಬಂದು ಲೆಕ್ಕ ಕೇಳುವುದು ನಮ್ಮಲ್ಲಿ ಶಿಷ್ಟಾಚಾರ. ಕೇಳಲಿ, ನಾನು ಉತ್ತರ ಕೊಡುತ್ತೇನೆ. ಆದರೆ ಉತ್ತರ ಕೊಡುವ ಸರದಿ ನನ್ನೊಬ್ಬಳದೇ ಏಕೆ?

ಮಾಸೂರಿನಿಂದ ಹಿರೇಕೆರೂರಿಗೆ ಒಂದು ಬಸ್ಸು, ಅಲ್ಲಿಂದ ಮುಂದೆ ಇನ್ನೊಂದು ಬಸ್ಸು ಹಿಡಿದು ಹೋಗಬೇಕಾದ ಒಂದು ಕಾಲೇಜಿನಲ್ಲಿ ನಾನು ಕೆಲವು ವರ್ಷ ಪಾಠ ಹೇಳಿದೆ. ಕಾಲೇಜಿನ ಹೆಸರು ಬೇಡ. ಅಂಥವು ಒಂದೇ ಇದ್ದಿದ್ದರೆ ಹೆಸರಿಸಬಹುದಿತ್ತು. ನನ್ನ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಸಂಸ್ಕೃತ ಪದಕ್ಕೆ ಇಷ್ಟು ದುರ್ಗತಿ ಬೇರೆಲ್ಲೂ ಬಂದಿರಲಾರದು. ಈ ಅತಿಥಿಗೆ ಕೂರಲು ಸ್ವಂತ ಕುರ್ಚಿಯಿಲ್ಲ, ಬಡಿಸುವವಳೂ ಅವಳೇ, ಎಲೆ ಎತ್ತುವವಳೂ ಅವಳೇ. ಬೇಸಿಗೆ ಬಂತೆಂದರೆ ಮನೆಯಿಂದ ಹೊರಗೆ, ಮಳೆಗಾಲದಲ್ಲಿ ಕರೆ ಬಂದರೆ ಮತ್ತೆ ಒಳಗೆ. ಖಾಯಂ ಹುದ್ದೆ ಮಂಜೂರಾಗಿದೆ ಎಂದು ಗೋಡೆಯ ಫಲಕ ಹೇಳುತ್ತಿತ್ತು. ಅದರ ಮುಂದೆ "ಖಾಲಿ" ಎಂದು ಸುಣ್ಣದಲ್ಲಿ ಬರೆದ ಪದ ಎಷ್ಟು ಹಳೆಯದೆಂದರೆ, ಹೊಸದಾಗಿ ಬಣ್ಣ ಬಳಿದಾಗಲೆಲ್ಲ ಅದನ್ನೂ ತಪ್ಪದೆ ತಿದ್ದಿ ಬರೆಯುತ್ತಿದ್ದರು. ಹುದ್ದೆಯನ್ನು ತುಂಬದವರು ಆ ಪದವನ್ನು ಮಾತ್ರ ಮಾಸಲು ಬಿಡಲಿಲ್ಲ.

ಹೊರಡುವ ತಯಾರಿಯಲ್ಲಿ ಅನುಭವದ ಪ್ರಮಾಣಪತ್ರವೊಂದು ಬೇಕಾಯಿತು. ಕಾಲೇಜಿನ ಕಚೇರಿಯ ಮೇಲ್ವಿಚಾರಕರು ಸಜ್ಜನರು, ಚಹಾ ತರಿಸಿದರು, ಕನ್ನಡಕ ಒರೆಸಿಕೊಂಡರು, ಆಮೇಲೆ, "ಬ್ಯಾಸಗಿ ತಿಂಗಳಾ ಇದ್ರಾಗ ಬರಂಗಿಲ್ಲ ನೋಡ್ರಿ ಮೇಡಮ್ಮಾರ. ಅವನ್ನ ಕಳದ ಬರಿಯೂದು," ಎಂದರು.

"ಬ್ಯಾಸಗ್ಯಾಗ ಉತ್ತರಪತ್ರಿಕೆ ತಿದ್ದಿದವರು ಯಾರ್ರಿ ಹಂಗಾರ?"

"ತಿದ್ದಿದವರು ನೀವ, ಖರೇ ಐತಿ. ಆದ್ರ ಆವಾಗ ನೀವು ನೌಕರಿಯೊಳಗ ಇರಲಿಲ್ಲ."

"ಮತ್ತ ಎಲ್ಲಿದ್ದೆರಿ ನಾನು?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಇಲ್ಲೇ ಇದ್ರಿ, ಈ ಕುರ್ಚಿ ಮ್ಯಾಲ ಕುಂತ ತಿದ್ದಾಕತ್ತಿದ್ರಿ. ನಾನ ನೋಡೇನಿ. ಆದ್ರ ನಾನು ನೋಡಿದ್ದನ್ನ ಬರ್ಯಾಕ ಬರಂಗಿಲ್ಲಲ್ರಿ."

ಕಣ್ಣಿಗೆ ಕಂಡವಳು ಕಾಗದಕ್ಕೆ ಕಾಣದೆ ಹೋಗುವ ಈ ಮಾಯಾವಿದ್ಯೆಯನ್ನು ರೂಪಿಸಿದವರು ಯಾರು ಎಂದು ಕೇಳಿದೆ. ಮೇಲಿನವರು ಎಂದರು. ಮೇಲಿನವರು ಯಾರೆಂದರೆ ಅವರಿಗೂ ಮೇಲಿನವರು. ಆಕಾಶದವರೆಗೂ ಹೋಗುವ ಈ ನಿಚ್ಚಣಿಕೆಯಲ್ಲಿ ಯಾವ ಮೆಟ್ಟಿಲಲ್ಲೂ ಒಬ್ಬ ಮನುಷ್ಯ ನಿಂತು, "ಹೌದು, ನಾನೇ ಮಾಡಿದ್ದು" ಎನ್ನುವುದಿಲ್ಲ. ಸಹಿಗಳಿವೆ, ಸಹಿ ಹಾಕಿದವರಿಲ್ಲ.

ಇಷ್ಟಾದ ಮೇಲೂ ಅದೇ ಕಾಲೇಜು ನನ್ನನ್ನು ಕರೆದು ಸನ್ಮಾನಿಸಿತು. ಶಾಲು, ಹಾರ, ಮತ್ತು "ನಾಡಿನ ಹೆಮ್ಮೆಯ ಪುತ್ರಿ" ಎಂದು ಕೆತ್ತಿದ ಭಾರವಾದ ಗಾಜಿನ ಫಲಕ. ಮುಖ್ಯ ಅತಿಥಿಗಳು (ಅವರಿಗೆ ಕುರ್ಚಿಯಿತ್ತು) ಪ್ರತಿಭೆಗಳು ನಾಡು ಬಿಟ್ಟು ಹರಿದುಹೋಗುತ್ತಿರುವುದರ ಬಗ್ಗೆ ಕಣ್ಣು ತುಂಬಿಕೊಂಡು ಮಾತಾಡಿದರು. ನನ್ನ ಸರದಿ ಬಂದಾಗ, ಹರಿದುಹೋಗುವ ನೀರನ್ನು ಬೈಯುವ ಮೊದಲು ತೂಬು ತೆರೆದವರು ಯಾರೆಂದು ಕೇಳುವುದು ನಮ್ಮ ಕೆರೆಯ ಕಡೆಯ ರೀತಿ ಎಂದೆ. ಹೊರಗಿನ ಫಲಕದ ಮೇಲಿನ "ಖಾಲಿ" ಎಂಬ ಪದಕ್ಕೆ ಈ ವೇದಿಕೆಯ ಮೇಲಿರುವ ಯಾರು ಹೊಣೆ ಎಂದೂ ಕೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಿರೂಪಕರು ಬಹಳ ಚುರುಕಿನಿಂದ ವಂದನಾರ್ಪಣೆಗೆ ಹೋದರು. ಗಾಜಿನ ಫಲಕವನ್ನು ಮನೆಗೆ ತಂದಾಗ ಅವ್ವ ಎರಡು ಕೈಯಲ್ಲಿ ತೂಗಿ ನೋಡಿ, "ಚಲೋ ವಜ್ಜಿ ಐತಿ," ಎಂದು ಮಾವಿನ ಉಪ್ಪಿನಕಾಯಿಯ ಭರಣಿಯಲ್ಲಿ ಹೋಳುಗಳು ತೇಲದಂತೆ ಹೇರಿಟ್ಟಳು. ನಾಡಿನ ಹೆಮ್ಮೆ ಅಲ್ಲಿ ಈಗಲೂ ಉಪಯೋಗಕ್ಕೆ ಬರುತ್ತಿದೆ.

ಇನ್ನು ಪೆಟ್ಟಿಗೆಯ ಮಾತು. ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರ ಮಾಡುವ ನಮ್ಮ ಸೋದರಮಾವ ಅದನ್ನು ಉಡುಗೊರೆಯಾಗಿ ತಂದ. ನಾಲ್ಕು ಗಾಲಿಯ, ಆಮೆಚಿಪ್ಪಿನಂತೆ ಗಟ್ಟಿಯಾದ, ಹೊಳೆಯುವ ಪೆಟ್ಟಿಗೆ. ಪಡಸಾಲೆಯಲ್ಲಿ ಅದನ್ನು ಅತ್ತ ಇತ್ತ ಉರುಳಿಸಿ ತೋರಿಸಿ, "ಹೊರದೇಶಕ್ಕ ಹೊಂಟಾಕಿ ಗಂಟು ಮೂಟಿ ಹೊತಗೊಂಡು ಹೋಗಬಾರದವಾ. ನಾಕ ಮಂದಿ ನೋಡೂವಂಗ ಇರಬೇಕು. ಮರ್ಯಾದಿ ಪ್ರಶ್ನೆ," ಎಂದ. ಮರ್ಯಾದೆಯ ಬೆನ್ನಿಗೇ ಅವನ ನಿಜವಾದ ಪ್ರಶ್ನೆಯೂ ಬಂತು. "ಅಲ್ಲಾ, ಹೋಗೂದು ಹೊಂಟಿ. ಅಲ್ಲೇ ಬೇರು ಬಿಟ್ಟಗಿಟ್ಟೀ ಮತ್ತ?"

"ನಿಮ್ಮ ಸವಣೂರಿನ ದೊಡ್ಡ ಹುಣಸಿಮರ ಎಲ್ಲೀವು ಮಾವಾ?" ಎಂದು ಕೇಳಿದೆ.

ಅವನು ನಕ್ಕ. ಉತ್ತರ ಅವನಿಗೆ ಗೊತ್ತು. ನಾಲ್ಕಾರು ಜನ ಕೈ ಹಿಡಿದು ಸುತ್ತುವರಿದರೂ ತಬ್ಬಲಾಗದ ಆ ಬಾವೊಬಾಬ್ ಮರಗಳ ಬೀಜ ಆಫ್ರಿಕದಿಂದ ಬಂದದ್ದೆಂದು ಸವಣೂರಿನ ಮಕ್ಕಳೂ ಹೇಳುತ್ತಾರೆ. ಕಡಲು ದಾಟಿ ಬಂದ ಆ ಬೀಜವನ್ನು ಯಾರೂ ವಾಪಸ್ಸು ಯಾವಾಗ ಎಂದು ಕೇಳಲಿಲ್ಲ, ಬಿಟ್ಟು ಬಂದ ನೆಲಕ್ಕೆ ದ್ರೋಹ ಬಗೆದೆ ಎನ್ನಲಿಲ್ಲ. ನಿಂತ ಜಾಗದಲ್ಲಿ ನೆರಳು ಕೊಟ್ಟಿತೋ ಇಲ್ಲವೋ ಎಂದಷ್ಟೇ ನೋಡಿದರು. ಮರಕ್ಕೆ ಸಿಕ್ಕ ಈ ನ್ಯಾಯ ಹೆಣ್ಣುಮಗಳಿಗೂ ಸಿಗಲಿ ಎಂದರೆ ಮಾವ, "ನಿನ್ನ ಕೂಡ ಮಾತಾಡಾಕ ಆಗಂಗಿಲ್ಲ ಬಿಡು. ಕಲಿಸಿದ್ದ ತಪ್ಪಾತು," ಎನ್ನುತ್ತ ಎಲೆಯ ಸುರುಳಿಯನ್ನು ಬಾಯಿಗಿಟ್ಟುಕೊಂಡ.

ಪೆಟ್ಟಿಗೆಗೆ ಏನೇನು ಹೋಯಿತು ಎಂಬುದನ್ನು ವಿವರಿಸಿದರೆ ಉತ್ತರ ಕರ್ನಾಟಕದ ಓದುಗರಿಗೆ ಹಸಿವಾದೀತು: ಕಟಕು ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಪುಡಿ. ಅವುಗಳ ಕೆಳಗೆ ನನ್ನ ಪುಸ್ತಕಗಳು, ಕೆರೆಯ ನಕ್ಷೆಗಳು. ಎಲ್ಲದರ ಮೇಲೆ ಅವ್ವನ ಕೌದಿ. ಆ ದೇಶದ ಚಳಿಗೆ ಅಲ್ಲಿಯವರೇ ಮಾಡಿದ ಹೊದಿಕೆ ಬೇಕೆಂದು ನನಗೆ ತಿಳಿಯದೇ ಇರಲಿಲ್ಲ. ಆದರೆ ಈ ಕೌದಿಯ ಸಂಗತಿ ಬೇರೆ.

ನಮ್ಮವ್ವ ನಾಟಿಯ ಹೆಣ್ಣಾಳುಗಳ ತಂಡದ ಮುಂದಾಳು. ಮದಗದ ಕೆಳಗಿನ ಗದ್ದೆಗಳಲ್ಲಿ ಅವಳ ತಂಡ ಇಳಿಯಿತೆಂದರೆ ಸಂಜೆಗೆ ಗದ್ದೆ ಹಸಿರಾಗಿರುತ್ತದೆ. ಅವಳೊಡನೆ ಕೆಸರಿನಲ್ಲಿ ಬಾಗಿದ ಒಬ್ಬೊಬ್ಬ ಹೆಂಗಸಿನ ಹಳೆಯ ಸೀರೆಯ ತುಂಡೂ ಆ ಕೌದಿಯ ಮೇಲ್ಮೈಯಲ್ಲಿದೆ. ಮೇಲ್ಮೈಯ ಕೆಳಗಿರುವುದು ಇನ್ನೊಂದು. ಒಂದು ವರ್ಷ ನಾವು ಅತಿಥಿಗಳೆಲ್ಲ ಸೇರಿ ಸೇವಾ ಭದ್ರತೆ ಕೇಳಿ ಕಚೇರಿಯೊಂದರ ಮುಂದೆ ಧರಣಿ ಕೂತಿದ್ದೆವು. ಪ್ಲಾಸ್ಟಿಕ್ಕಿನದು ಬೇಡವೆಂದು ಬಟ್ಟೆಯ ಮೇಲೆಯೇ ಕೈಯಾರೆ ಬರೆದ ಉದ್ದನೆಯ ಬ್ಯಾನರು: "ಉತ್ತರ ಕೊಡಿ." ಉತ್ತರ ಬರಲಿಲ್ಲ. ಬಿಸಿಲಿಗೆ ಬಣ್ಣಗುಂದಿದ ಬ್ಯಾನರು ಕೊನೆಗೆ ನನ್ನ ಪಾಲಿಗೆ ಬಂತು. ಅವ್ವ ಅದನ್ನು ಒಗೆದು, ಹಿಂಡಿ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಅರಬಿ ಗಟ್ಟಿ ಐತಿ, ಸರಕಾರದಕಿಂತ ಭಾಳ ಬಾಳತೈತಿ," ಎಂದವಳೇ ಕೌದಿಯ ನಡುವಿನ ಪದರವಾಗಿ ಹಾಸಿ ಹೊಲಿದಳು. ಹೊರಗೆ ನಾಟಿಯ ಹೆಂಗಸರ ಸೀರೆಗಳು, ಒಳಗೆ ನಮ್ಮ ಪ್ರಶ್ನೆ. ಹೊದ್ದರೆ ಸೆಕೆಯಾಗುವಂಥದ್ದು.

ಒಮ್ಮೆ ಅವ್ವನನ್ನು ಗೊಟಗೋಡಿಯ ಶಿಲ್ಪಗಳ ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನಮ್ಮ ಹಳ್ಳಿಯ ಬದುಕೆಲ್ಲ ಆಳೆತ್ತರದ ಮೂರ್ತಿಗಳಾಗಿ ನಿಂತಿದೆ. ದುಡಿಯುವ ಹೆಣ್ಣಿನ ಮೂರ್ತಿಯೊಂದರ ಮುಂದೆ ಅವ್ವ ಬಹಳ ಹೊತ್ತು ನಿಂತು, ಅದರ ಬಾಗಿದ ಬೆನ್ನನ್ನು ತನ್ನ ಬೆನ್ನಿನಂತೆಯೇ ಒಮ್ಮೆ ಸವರಿ, "ಎಷ್ಟ ಚೆಂದ ಮಾಡ್ಯಾರ. ಆದ್ರ ಪಾಪ, ಈಕಿಗೆ ಸಿಟ್ಟ ಬರಂಗಿಲ್ಲ ನೋಡು," ಎಂದಳು. ಶಿಗ್ಗಾವಿಯ ಕಡೆಯಿಂದ ಬಸ್ಸಿನಲ್ಲಿ ಮರಳುವಾಗ ನನ್ನ ತಲೆಯಲ್ಲಿ ಅದೇ ಮಾತು. ನಮ್ಮನ್ನು ಹೊಗಳುವವರಿಗೆ ನಮ್ಮ ಬೆನ್ನು ಬೇಕು, ನೆಲ ಬೇಕು, ಸೊಬಗು ಬೇಕು. ಸಿಟ್ಟನ್ನು ಮಾತ್ರ ಕಳೆದು ಕೊಡಬೇಕು.

ಕಳೆಯುವ ಮಾತು ಬಂದದ್ದರಿಂದ ತಕ್ಕಡಿಗೆ ಬರೋಣ. ಮನೆಯಲ್ಲಿ ಅಷ್ಟು ಭಾರ ತೂಗುವ ಸಾಧನವಿಲ್ಲ. ಹಿರೇಕೆರೂರಿನ ಸಂತೆಯ ದಿನ ಅಪ್ಪ ಪೆಟ್ಟಿಗೆಯನ್ನು ಟಂಟಂ ಆಟೋದಲ್ಲಿ ಹೇರಿಕೊಂಡು, ತಾನು ಹತ್ತಿ, ಗೋವಿನಜೋಳ ಮಾರಲು ಹಾಕುವ ದಲಾಲಿ ಅಂಗಡಿಗೇ ನನ್ನನ್ನು ಕರೆದೊಯ್ದ. ಅಲ್ಲಿ ತೂಕದ ಕೆಲಸ ಮಾಡುವ ಮೌಲಾಸಾಬ ನಾನು ಚೀಲಗಳ ಮೇಲೆ ಕುಣಿಯುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವನು. ಪೆಟ್ಟಿಗೆಯನ್ನು ತೂಕದ ಕಾಟಾದ ಮೇಲಿಟ್ಟ, ಹತ್ತಿಯ ನಡುವೆ ಆ ಹೊಳೆಯುವ ವಸ್ತು ದಾರಿ ತಪ್ಪಿ ಬಂದ ಮದುಮಗನಂತೆ ನಿಂತಿತು. ಸುತ್ತ ಜನ ನೆರೆದರು. ಮೌಲಾಸಾಬ ಅಂಕಿ ಓದಿದ, ಕಂಪನಿ ಹೇಳಿದ ಮಿತಿಗಿಂತ ಬಹಳ ಹೆಚ್ಚಿತ್ತು. ನನ್ನ ಮುಖ ಸಣ್ಣದಾದದ್ದು ನೋಡಿ ಅವನು, "ತಡಿ ಬೇಟಿ, ಅಂಜಬ್ಯಾಡ. ಇನ್ನಾ ಸೂಟು ಮುರದಿಲ್ಲ," ಎಂದ.

ಸೂಟು ಎಂದರೇನೆಂದು ತಿಳಿಯದವರಿಗೆ ಹೇಳಬೇಕು. ರೈತ ಮಾಲು ತಂದಾಗ ಒಟ್ಟು ತೂಕದಲ್ಲಿ ಚೀಲದ್ದೆಂದು ಇಷ್ಟು, ತೇವದ್ದೆಂದು ಇಷ್ಟು, ಕಸಕಡ್ಡಿಯದೆಂದು ಇಷ್ಟು ಕಳೆದು ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುವುದು ನಮ್ಮ ಕಡೆಯ ಬಹುಕಾಲದ ರೂಢಿ. ಆ ಕಳೆಯುವಿಕೆಯ ಹೆಸರೇ ಸೂಟು; ಕಳೆಯುವುದಕ್ಕೆ ಮುರಿಯುವುದು ಎನ್ನುತ್ತೇವೆ. ಮೌಲಾಸಾಬ ಪೆಟ್ಟಿಗೆಯ ಸಾಮಾನೆಲ್ಲ ತಾಡಪತ್ರಿಯ ಮೇಲೆ ತೆಗೆಸಿಟ್ಟ, ಬರಿಯ ಪೆಟ್ಟಿಗೆಯನ್ನು ತೂಗಿದ, ಒಟ್ಟು ತೂಕದಿಂದ ಅದನ್ನು ಮುರಿದ. "ಆತು ನೋಡು, ಬರೋಬ್ಬರಿ ಬಂತು. ಮಾಲಿನ ತೂಕಾ ಹಿಡೀತಾರವಾ, ಚೀಲದ್ದು ಯಾರ ಹಿಡೀತಾರ?"

ಅಪ್ಪ ತಲೆಯಾಡಿಸಿದ. ದಲಾಲಿ ತಲೆಯಾಡಿಸಿದ. ಸಂತೆಗೆ ಬಂದಿದ್ದ ನಾಲ್ಕು ಜನ ರೈತರು ತಲೆಯಾಡಿಸಿದರು. ಪದವಿಗಳ ಸಮೇತ ನಾನೂ ತಲೆಯಾಡಿಸಿದೆ, ಏಕೆಂದರೆ ಹುಟ್ಟಿದಂದಿನಿಂದ ನಾನು ಕಂಡ ತಕ್ಕಡಿಗಳೆಲ್ಲ ಕಳೆಯುವ ತಕ್ಕಡಿಗಳೇ. ಹತ್ತಿಯಲ್ಲಿ ಚೀಲವನ್ನು, ಗೋವಿನಜೋಳದಲ್ಲಿ ತೇವವನ್ನು, ನನ್ನ ಸೇವೆಯಲ್ಲಿ ಬೇಸಿಗೆಗಳನ್ನು, ಅವ್ವನ ದಿನದಲ್ಲಿ ಹೊತ್ತು ಮುಳುಗಿದ ಮೇಲಿನ ಅಡುಗೆಯನ್ನು. ಎಲ್ಲವನ್ನೂ ಒಪ್ಪವಾಗಿ ಮುರಿದು, ನಿವ್ವಳವನ್ನಷ್ಟೇ ಓದಿ ಹೇಳುವ ಸಮಾಜದಲ್ಲಿ ಬೆಳೆದವಳಿಗೆ ಕಳೆಯದೆ ತೂಗುವ ತಕ್ಕಡಿಯೊಂದು ಲೋಕದಲ್ಲಿರಬಹುದು ಎಂದು ಹೊಳೆಯುವುದಾದರೂ ಹೇಗೆ? ಅಂದು ನಾವು ನಾಲ್ಕು ತಾಲೂಕಿನ ಜ್ಞಾನವನ್ನೆಲ್ಲ ಬಳಸಿ, ಒಮ್ಮತದಿಂದ, ತಪ್ಪು ಮಾಡಿ ಮನೆಗೆ ಬಂದೆವು.

ಹೊರಡುವ ಮುನ್ನಾದಿನ ಅವ್ವ ಇನ್ನೊಂದು ಕೆಲಸ ಮಾಡಿದಳು. ಹೊಸ ಪೆಟ್ಟಿಗೆಗೆ ಗೀರು ಬೀಳಬಾರದಲ್ಲ. ಹತ್ತಿ ತುಂಬುವ ದೊಡ್ಡ ಚೀಲವನ್ನು ನಾವು ಅಂಡಿಗೆ ಎನ್ನುತ್ತೇವೆ. ಅಂಥದೊಂದನ್ನು ತೊಳೆದು ಒಣಗಿಸಿ, ಪೆಟ್ಟಿಗೆಗೆ ಅಂಗಿ ತೊಡಿಸಿದಂತೆ ತೊಡಿಸಿ, ಚೌಕಟ್ಟಿನಿಂದ ದಬ್ಬಣ ಕಿತ್ತು ತಂದು, ಹುರಿಯಿಂದ ಬಾಯಿ ಹೊಲಿದಳು. ಗಾಲಿಗಳಿಗೆ ಮಾತ್ರ ಕಿಂಡಿ ಬಿಟ್ಟಳು. ದಬ್ಬಣವನ್ನು ಪದ್ಧತಿಯಂತೆ ಕಿವಿಗೆ ಚುಚ್ಚಿದಳು. ಮಾವ ಹಣೆ ಹಣೆ ಬಡಿದುಕೊಂಡ. "ಇಷ್ಟ ರೊಕ್ಕಾ ಕೊಟ್ಟು ತಂದದ್ದಕ್ಕ ಚೀಲಾ ಹೊದಿಸಿದೆಲ್ಲೇ ಅಕ್ಕಾ."

"ನಿನ್ನ ಪೆಟಗಿ ಮಾರಿ ಮಾಸಬಾರದಂತನ ಹೊದಿಸೇನಿ. ನೀ ಸುಮ್ಮನಿರು."

ವಿಮಾನ ನಿಲ್ದಾಣಕ್ಕೆ ಹೋಗಲು ಬೆಂಗಳೂರಿನವರೆಗೆ ಬಾಡಿಗೆಯ ಜೀಪು. ಅವ್ವ, ಅಪ್ಪ, ಮಾವ, ನಾನು. ಒಳಗೆ ಹೋಗಲು ಪ್ರಯಾಣಿಕರಿಗೆ ಮಾತ್ರ ಅವಕಾಶವಿದ್ದುದರಿಂದ ಅವರು ಗಾಜಿನ ಬಾಗಿಲ ಹೊರಗೆ, ನಾನು ಒಳಗೆ. ಪೆಟ್ಟಿಗೆಯನ್ನು ತೂಗುವ ಪಟ್ಟಿಯ ಮೇಲೆ ಇಟ್ಟೆ. ಕೌಂಟರಿನ ಹುಡುಗಿ ನನ್ನ ವಯಸ್ಸಿನವಳೇ, ನಗು ಮಾಸದವಳು. "ಮೇಡಂ, ತೂಕ ತುಂಬಾ ಜಾಸ್ತಿ ಇದೆ. ಏನಾದ್ರೂ ತೆಗೀಬೇಕು, ಇಲ್ಲಾಂದ್ರೆ ಹೆಚ್ಚುವರಿ ಕಟ್ಟಬೇಕು."

"ಪೆಟ್ಟಿಗೆಯ ತೂಕ ಮುರಿದಿರಾ?"

"ಅಂದ್ರೆ?"

"ಬರಿಯ ಪೆಟ್ಟಿಗೆಯದು. ಅದನ್ನು ಕಳೆದು ಅಲ್ಲವೇ ಲೆಕ್ಕ?"

ಅವಳು ಅಣಕಿಸಲಿಲ್ಲ. ಅರ್ಥ ಮಾಡಿಸುವ ಪ್ರಯತ್ನದಲ್ಲಿ ಮುಂದಕ್ಕೆ ಬಾಗಿ, "ಪೆಟ್ಟಿಗೇನೂ ಸೇರಿಸಿನೇ ಮೇಡಂ. ಅದೂ ವಿಮಾನದಲ್ಲೇ ಬರುತ್ತಲ್ವಾ?" ಎಂದಳು.

ಇಷ್ಟು ಸರಳವಾದ, ಇಷ್ಟು ನಿರ್ದಯವಾದ, ಇಷ್ಟು ಪ್ರಾಮಾಣಿಕವಾದ ವಾಕ್ಯವನ್ನು ನಾನು ಯಾವ ಕಚೇರಿಯಲ್ಲೂ ಕೇಳಿರಲಿಲ್ಲ. ಹೊರುವುದಾದರೆ ಎಲ್ಲವನ್ನೂ ತೂಗಬೇಕು. ನನ್ನ ಬೇಸಿಗೆಗಳೂ ನನ್ನ ಜೊತೆಗೇ ಬಂದವಲ್ಲ, ಅವನ್ನು ಹೊತ್ತವಳು ನಾನೇ ಅಲ್ಲವೇ ಎಂದು ಆ ಮೇಲ್ವಿಚಾರಕರಿಗೆ ಹೇಳಲು ಬಾರದಿದ್ದ ಮಾತನ್ನು ಈ ಹುಡುಗಿ ಪೆಟ್ಟಿಗೆಯ ನೆಪದಲ್ಲಿ ಹೇಳಿಬಿಟ್ಟಳು.

ಪಕ್ಕಕ್ಕೆ ಸರಿದು, ಹೊಲಿಗೆ ಬಿಚ್ಚಿ, ಪೆಟ್ಟಿಗೆ ತೆರೆದೆ. ಮೇಲೆಯೇ ಕೌದಿ. ಕೌಂಟರಿನವಳು ದೂರದಿಂದಲೇ ಸಹಾಯಕ್ಕೆಂದು ಹೇಳಿದಳು, "ಆ ಹೊದಿಕೆ ತೆಗೆದುಬಿಡಿ ಮೇಡಂ, ಸರಿಹೋಗುತ್ತೆ. ಹೊದಿಕೆ ಅಲ್ಲೇ ಸಿಗುತ್ತೆ."

ಅವಳು ಹೇಳಿದ್ದು ನಿಜ. ಕೌದಿಯನ್ನು ತೆಗೆದರೆ ಎಲ್ಲವೂ ಸರಿಹೋಗುತ್ತಿತ್ತು. ಎಲ್ಲ ಕಚೇರಿಗಳೂ ನನಗೆ ಕಲಿಸಿದ್ದು ಅದನ್ನೇ: ಸರಿಹೋಗಬೇಕಾದರೆ ಮೊದಲು ಅವ್ವನ ಕೈಕೆಲಸವನ್ನು ತೆಗೆ, ನಾಟಿಯ ಹೆಂಗಸರನ್ನು ತೆಗೆ, ಒಳಪದರದ ಪ್ರಶ್ನೆಯನ್ನು ತೆಗೆ, ಹೊಳೆಯುವುದು ಇರಲಿ. ಕೌದಿಯನ್ನು ಕೈಯಲ್ಲಿ ಹಿಡಿದು ನಿಂತೆ. ಗಾಜಿನಾಚೆ ಅವ್ವ ನೋಡುತ್ತಿದ್ದಳು. ಅವಳಿಗೆ ಮಾತು ಕೇಳಿಸಿರಲಿಲ್ಲ, ಆದರೆ ಕೌದಿ ಹೊರಬಂದದ್ದರ ಅರ್ಥ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಹಾಗೆ ಮಾಡಬೇಡವೆಂದು ಕೈ ಬೀಸಲಿಲ್ಲ. ಇರಲಿ, ಬಿಟ್ಟು ಹೋಗು ಎಂಬಂತೆ ತಲೆಯಾಡಿಸಿದಳು. ಆ ತಲೆಯಾಡಿಕೆಯೇ ನನ್ನನ್ನು ಕೆರಳಿಸಿತು. ತನ್ನನ್ನು ತಾನೇ ಮುರಿದುಕೊಡಲು ಅವಳು ಎಷ್ಟು ಬೇಗ ಸಿದ್ಧಳಾದಳು, ಮತ್ತು ಅವಳಿಗೆ ಅದನ್ನು ಇಷ್ಟು ಚೆನ್ನಾಗಿ ಕಲಿಸಿದವರು ಯಾರು?

ಕಾವಲಿನವನಿಗೆ ಹೇಳಿ ಎಲ್ಲವನ್ನೂ ತಳ್ಳಿಕೊಂಡು ಹೊರಗೆ ಬಂದೆ. ಅಪ್ಪ ಜೇಬಿಗೆ ಕೈ ಹಾಕಿದ. "ಹೆಚ್ಚಿಂದು ಕಟ್ಟಿದ್ರಾತು ತಂಗಿ, ನಾ ತಂದೇನಿ."

"ಖಾಲಿ ಪೆಟಗಿ ಹೊರಾಕ ರೊಕ್ಕಾ ಕೊಡಬ್ಯಾಡ ಅಪ್ಪಾ," ಎಂದು ಪಾದಚಾರಿ ದಾರಿಯ ಕಲ್ಲಿನ ಮೇಲೆ ಕೂತೆ. ಅಂಡಿಗೆಯನ್ನು ಪೂರ್ತಿ ಸುಲಿದು, ಪೆಟ್ಟಿಗೆಯ ಸಾಮಾನನ್ನು ಅದಕ್ಕೇ ತುಂಬತೊಡಗಿದೆ. ತಳದ ಗಾಲಿಕಿಂಡಿಗಳ ಮೇಲೆ ನಕ್ಷೆಗಳ ಗಟ್ಟಿ ಕವಚ, ಅದರ ಮೇಲೆ ಪುಸ್ತಕ, ಪುಡಿಗಳು, ಬಟ್ಟೆಯ ನಡುವೆ ರೊಟ್ಟಿ, ಎಲ್ಲವನ್ನೂ ಸುತ್ತುವರಿದು ಕೌದಿ. ಅವ್ವನಿಗೆ ನಾನು ಮಾಡುತ್ತಿರುವುದೇನೆಂದು ಗೊತ್ತಾದದ್ದೇ ಸೆರಗು ಸಿಕ್ಕಿಸಿ ಎದುರು ಕೂತಳು. "ಸರಿ, ಹಂಗಲ್ಲ. ಮೂಲಿಗೆ ಒತ್ತಬೇಕು. ನಿನಗ ಚೀಲಾ ತುಂಬಾಕ ಬರಂಗಿಲ್ಲ, ಏನ ಪಿಎಚ್‌ಡಿ ಮಾಡಿದ್ಯೋ." ದೇಶ ವಿದೇಶದ ಜನ ಗಾಲಿಪೆಟ್ಟಿಗೆಗಳನ್ನು ಎಳೆದುಕೊಂಡು ನಮ್ಮನ್ನು ಬಳಸಿ ಹೋಗುತ್ತಿದ್ದರು. ಮಾವ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಾಕ ಮಂದಿ ನೋಡಾಕತ್ತಾರ. ಮರ್ಯಾದಿ ಏನುಳೀತೇ ಅಕ್ಕಾ?"

"ನಿನ್ನ ಮರ್ಯಾದಿ ಎಲ್ಲೂ ಹೋಗಿಲ್ಲಪಾ," ಎಂದಳು ಅವ್ವ, ಹುರಿಯನ್ನು ಹಲ್ಲಿನಲ್ಲಿ ಹಿಡಿದು ಎಳೆಯುತ್ತ. "ಅಲ್ಲೇ ಗಾಲಿ ಮ್ಯಾಲ ನಿಂತೈತಿ ನೋಡು. ಮನಿಗೆ ಒಯ್ದು ಬೀಜದ ಜ್ವಾಳ ತುಂಬತೇನಿ. ಇಲಿ ಕಡಿಯಂಗಿಲ್ಲ."

ಕಿಂಡಿ ಮುಚ್ಚಿ, ಬಾಯಿ ಹೊಲಿದು ಮುಗಿಯಿತು. ಅಪ್ಪ ಚೀಲವನ್ನು ಒಮ್ಮೆ ಮೊಣಕಾಲಿನವರೆಗೆ ಎತ್ತಿ ನೋಡಿ, "ಈಗ ಖರೇ ಸೂಟು ಮುರದಂಗಾತು," ಎಂದ. ಅವ್ವ ದಬ್ಬಣವನ್ನು ಕಿವಿಗೆ ಚುಚ್ಚಿ, ಉಳಿದ ಹುರಿಯನ್ನು ಅದಕ್ಕೆ ಸುತ್ತಿದಳು. "ಇದು ನಿನ್ನ ಕೂಡನ ಇರಲಿ. ಅಲ್ಲಿ ಬಿಚ್ಚಾಕ ಬೇಕಾಕೈತಿ," ಎಂದಳು. ಮತ್ತೆ, ನನ್ನ ಮುಖ ನೋಡದೆ, "ಹೊಳ್ಳಿ ಬರೂವಾಗ ಹೊಲ್ಯಾಕೂ ಬೇಕಾಕೈತಿ," ಎಂದಳು. ಊರೆಲ್ಲ ಕೇಳಿದ ಪ್ರಶ್ನೆಯನ್ನು ಅವಳು ಕೇಳಿದ್ದು ಅದೊಂದೇ ಸಲ, ಅದೂ ಸೂಜಿಯ ಮೂಲಕ.

ಮತ್ತೆ ಒಳಗೆ. ಪಟ್ಟಿಯ ಮೇಲೆ ಅಂಡಿಗೆ. ಅಂಕಿ ಮಿತಿಯ ಅಂಚಿನಲ್ಲಿ ತುಸು ಹೊಯ್ದಾಡಿ ನಿಂತಿತು. ಹುಡುಗಿ ನಕ್ಕು ಸರಿ ಎಂದಳು. ಆದರೆ ಚೀಲವನ್ನು ಹಾಗೇ ಸ್ವೀಕರಿಸಲು ಅವಳಿಗೆ ನಿಯಮವಿರಲಿಲ್ಲ. "ಇಲ್ಲೊಂದು ಸಹಿ ಮಾಡಿ ಮೇಡಂ. ಹರಿದ್ರೆ, ಒದ್ದೆ ಆದ್ರೆ, ಜವಾಬ್ದಾರಿ ನಮ್ಮದಲ್ಲ ಅಂತ." ನನಗೆ ನಗು ಬಂತು. ಇಷ್ಟು ವರ್ಷ ಎಷ್ಟೊಂದು ಬಾಗಿಲುಗಳಲ್ಲಿ ಕೇಳಿದ್ದೆ, ಹೊಣೆ ಯಾರದು ಎಂದು. ನಮ್ಮದಲ್ಲ ಎಂದು ಅಚ್ಚು ಹಾಕಿಸಿ, ಕಣ್ಣಲ್ಲಿ ಕಣ್ಣಿಟ್ಟು ಹೇಳುವಷ್ಟು ಸೌಜನ್ಯವನ್ನೂ 'ಮೇಲಿನವರು' ಯಾರೂ ತೋರಿರಲಿಲ್ಲ. ಸಹಿ ಮಾಡಿದೆ, ಓದಲು ಬರುವಂತೆ, ಪೂರ್ತಿ ಹೆಸರು ಬರೆದು.

ಹೊಳೆಯುವ ಪೆಟ್ಟಿಗೆಗಳ ಸಾಲಿನಲ್ಲಿ ಅಂಡಿಗೆ, ಪೇಟೆಗೆ ಹೊರಟ ಮಾಲಿನಂತೆ ನಿರುಮ್ಮಳವಾಗಿ, ಕಿವಿಯಲ್ಲಿ ದಬ್ಬಣ ಧರಿಸಿ ಸಾಗಿ, ಪರದೆಯ ಹಿಂದೆ ಮರೆಯಾಯಿತು. ಮನೆಯ ಚೌಕಟ್ಟಿನ ಬಿರುಕು ಈಗ ಖಾಲಿಯಿದೆ. ಆ ಪದದ ಮೇಲೆ ಬಹಳ ಸಿಟ್ಟು ಮಾಡಿಕೊಂಡವಳು ನಾನು, ಈಗಲೂ ಆ ಸಿಟ್ಟು ಇಳಿದಿಲ್ಲ. ಕಾಲೇಜಿನ ಗೋಡೆಯ ಮೇಲಿನ ಖಾಲಿಗೆ ಉತ್ತರ ಕೊಡಬೇಕಾದವರನ್ನು ನಾನು ಎಲ್ಲಿಂದಾದರೂ ಕೇಳುತ್ತಲೇ ಇರುತ್ತೇನೆ. ಚೌಕಟ್ಟಿನ ಖಾಲಿಯ ವಿಷಯ ಯಾರನ್ನೂ ಕೇಳಬೇಕಾಗಿಲ್ಲ. ಅದಕ್ಕೆ ಹೊಣೆ ನನ್ನದು.